ಕರೆಂಟ್ ಕೊಡಿಸಿಕೊಂಡ ಮೇಲಿನ ಅರ್ಧ ತಾಸು

ನಮ್ಮ ಗದಗ-ಬೆಟಗೇರಿಯಲ್ಲಿ ಯಾರಾದರೂ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರೆ ಎದುರಿಗೆ ಸಿಕ್ಕವರು ಕೇಳುವ ಮೊದಲ ಮಾತು, "ಕರೆಂಟ್ ಕೊಡಿಸೀರೇನ್ರಿ?" ಮೊದಲೆಲ್ಲ ಕಪ್ಪತಗುಡ್ಡದ ಬೇರು ಹಾಕಿ ಕಾಸಿದ ಎಣ್ಣೆ ಯಾರ ಹತ್ತಿರ ಸಿಗುತ್ತದೆ ಅಂತ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ, ಆದರೆ ಅದು ಎರಡನೇ ಮಾತು. ಕರೆಂಟ್ ಅಂದರೆ ನೋವಿರುವ ಕಡೆ ಪ್ಯಾಡ್ ಅಂಟಿಸಿ ಮೈಗೆ ಸಣ್ಣಗೆ ವಿದ್ಯುತ್ ಹರಿಸುವ ಚಿಕಿತ್ಸೆ. ಫಿಸಿಯೋಥೆರಪಿ ಅಂದರೇನೇ ಕರೆಂಟ್ ಅನ್ನುವಷ್ಟು ಬಳಕೆಗೆ ಬಂದುಬಿಟ್ಟಿದೆ. ಅಂಗೈಯಗಲದ ಮಷೀನು ಸಾವಿರ, ಎರಡು ಸಾವಿರ ರೂಪಾಯಿಗೆ ಆನ್‌ಲೈನಲ್ಲಿ ಸಿಗತೊಡಗಿದ ಮೇಲಂತೂ ಕ್ಲಿನಿಕ್ಕಿಗೆ ಹೋಗದವರೂ ಮನೆಯಲ್ಲೇ ಹಚ್ಚಿಕೊಳ್ಳುತ್ತಿದ್ದಾರೆ.

ನನ್ನ ಬೆನ್ನಿಗೆ, ನಮ್ಮಕ್ಕನ ಮೊಣಕೈಗೆ ಇದನ್ನು ಬಳಸುತ್ತಾ ಬಂದಿದ್ದೇವೆ. ಉಪಯೋಗ ಆಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಉಪಯೋಗ ಎಲ್ಲಿಯವರೆಗೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮಾರುವವರು ಹೇಳುವುದಿಲ್ಲ, ಕೆಲವು ಕ್ಲಿನಿಕ್ಕಿನವರೂ ಹೇಳುವುದಿಲ್ಲ. ನಮ್ಮ ಊರಲ್ಲಿ ಕೈ ಮತ್ತು ಬೆನ್ನನ್ನೇ ನಂಬಿ ದುಡಿಯುವವರು ಜಾಸ್ತಿ. ಮಗ್ಗದವರು, ಪ್ರೆಸ್ಸಿನವರು, ಹಮಾಲರು, ರೊಟ್ಟಿ ಮಾಡುವವರು. ಅವರ ದುಡ್ಡು ಸುಮ್ಮನೆ ಹೋಗಬಾರದು ಅಂತ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಮಾಡುತ್ತೇನೆ. ಗದಗ ಮಗ್ಗಕ್ಕೂ ಮುದ್ರಣಕ್ಕೂ ಹೆಸರಾದ ಊರು. ಲಗ್ನಪತ್ರಿಕೆ, ಬಿಲ್ ಬುಕ್ಕು, ಶಾಲೆಯ ಗೈಡು, ಜಾತ್ರೆಯ ಹ್ಯಾಂಡ್‌ಬಿಲ್ಲು, ಏನಾದರೂ ಒಂದು ಇದ್ದೇ ಇರುತ್ತದೆ. ಲಗ್ನದ ಸೀಸನ್ನಿನಲ್ಲಿ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಹಾಗೆ ಕೂತು ಕೂತು ಸೊಂಟದ ಬಲಮಗ್ಗಲಲ್ಲಿ ನೋವು ಮನೆ ಮಾಡಿತು. ಎದ್ದು ನಿಲ್ಲುವಾಗ ಚಳುಕು. ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದರೆ ಮತ್ತೆ ನೆಟ್ಟಗಾಗಲು ಗೋಡೆ ಹಿಡಿಯಬೇಕು. ಇಂಥ ನೋವಿನ ಬಗ್ಗೆ ಜಾಸ್ತಿ ಹೇಳಬೇಕಾದ್ದಿಲ್ಲ, ಓದುವವರಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನಕ್ಕೆ ಸೊಂಟನೋವು ಇತ್ತು.

ಅಕ್ಕನ ಮೊಣಕೈಯ ಕಥೆ ಬೇರೆ. ಅವಳು ರೊಟ್ಟಿ ಮಾಡಿ ಮಾರುತ್ತಾಳೆ. ಖಾನಾವಳಿಗೆ ಬಿಸಿ ರೊಟ್ಟಿ, ಅಂಗಡಿಗಳಿಗೆ ಕಡಕ್ ರೊಟ್ಟಿ. ರೊಟ್ಟಿ ಬಡಿಯುವ ಸಪ್ಪಳ ಕೇಳಲು ಚೆಂದ. ಆದರೆ ಆಗ ಕೈ ಏನೇನು ಮಾಡುತ್ತದೆ ಅನ್ನುವುದನ್ನು ಹತ್ತಿರ ಕೂತು ನೋಡಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಸುರಿಯುತ್ತಾಳೆ. ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾಳೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ನಾದುವುದು ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ. ಆಮೇಲೆ ಬಡಿಯುವುದು. ಬೆರಳು ಚಾಚಿ, ಮಣಿಕಟ್ಟು ಬಿಗಿಹಿಡಿದು, ಬಡಿಯುತ್ತಲೇ ರೊಟ್ಟಿಯನ್ನು ಸುತ್ತ ತಿರುಗಿಸುತ್ತಾ ಹೋಗುತ್ತಾಳೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಬಟ್ಟೆ ಅದ್ದಿ ಹಿಂಡಿ, ಮತ್ತೆ ಇನ್ನೊಂದು. ಇಷ್ಟು ಕೆಲಸದಲ್ಲಿ ಮಣಿಕಟ್ಟನ್ನು ಎತ್ತಿ ಹಿಡಿಯುವ ಸ್ನಾಯುಗಳಿಗೆ ಒಂದು ಗಳಿಗೆಯೂ ಬಿಡುವಿಲ್ಲ.

ಆ ಸ್ನಾಯುಗಳೆಲ್ಲ ಮೊಣಕೈಯ ಹೊರಮಗ್ಗಲಲ್ಲಿ ಕೈಗೆ ಸಿಗುವ ಮೂಳೆಯ ಗಂಟಿಗೆ ಬಂದು ಅಂಟಿಕೊಂಡಿರುತ್ತವೆ. ಅಂಟಿಸುವ ಗಟ್ಟಿ ನಾರಿಗೆ ಟೆಂಡನ್ ಅಂತಾರೆ. ಅಕ್ಕನ ನೋವು ಸರಿಯಾಗಿ ಆ ಗಂಟಿನ ಮೇಲೆ. ಮೊದಲು ಬಟ್ಟೆ ಹಿಂಡುವಾಗ ಮಾತ್ರ ಇತ್ತು. ಆಮೇಲೆ ಚಹಾದ ಕಪ್ಪು ಎತ್ತುವಾಗಲೂ ಬಂತು. ಡಾಕ್ಟರು "ಟೆನಿಸ್ ಎಲ್ಬೋ" ಅಂದಾಗ ಅಕ್ಕನಿಗೆ ಹೊಳೆದದ್ದು ಸಚಿನ್ ತೆಂಡೂಲ್ಕರ್. 2004ರಲ್ಲಿ ಅವರು ಇದೇ ನೋವಿಗೆ ಮ್ಯಾಚುಗಳನ್ನು ಬಿಟ್ಟಿದ್ದು, 2005ರಲ್ಲಿ ಲಂಡನ್ನಿನಲ್ಲಿ ಆಪರೇಷನ್ ಮಾಡಿಸಿಕೊಂಡದ್ದು ಆಗ ಎಲ್ಲರ ಬಾಯಲ್ಲಿತ್ತು. ಆದರೆ ಈ ನೋವು ಬರುವವರಲ್ಲಿ ಟೆನಿಸ್ ಆಡುವವರು ತೀರಾ ಕಡಿಮೆ. ಹೆಚ್ಚಾಗಿ ಮೂವತ್ತೈದು ದಾಟಿದ, ಒಂದೇ ಕೆಲಸವನ್ನು ಕೈಯಿಂದ ಮತ್ತೆ ಮತ್ತೆ ಮಾಡುವವರು. ಬಡಗಿ, ಪೇಂಟರ್, ಟೇಲರ್, ರೊಟ್ಟಿ ಮಾಡುವವರು.

ಇಲ್ಲೊಂದು ವಿಷಯ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ತುಂಬಾ ದಿನ ಇದನ್ನು ಬರೀ ಊತದ ನೋವು ಅಂದುಕೊಂಡಿದ್ದರು. ಆಪರೇಷನ್ನಿನಲ್ಲಿ ತೆಗೆದ ಟೆಂಡನ್ನಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಊತದ ಕಣಗಳು ಅಷ್ಟಾಗಿ ಕಾಣಲಿಲ್ಲ. ಕಂಡದ್ದು ಎಳೆ ಕೆಟ್ಟ ನಾರು, ಅರ್ಧಕ್ಕೆ ನಿಂತ ದುರಸ್ತಿ. ಅಂದರೆ ಈ ನಾರು ಮತ್ತೆ ಗಟ್ಟಿಯಾಗಬೇಕು. ಅದಕ್ಕೆ ತಿಂಗಳುಗಳು ಬೇಕು, ಹದವಾದ ಭಾರ ಬೇಕು. ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ ಆರಾಮ ಸಿಗುತ್ತದೆ. ಆದರೆ ವರ್ಷದ ಲೆಕ್ಕ ಹಾಕಿದಾಗ ಇಂಜೆಕ್ಷನ್ ತೆಗೆದುಕೊಂಡವರೇ ಹಿಂದೆ ಬಿದ್ದಿದ್ದಾರೆ ಅಂತ ಒಂದಕ್ಕಿಂತ ಹೆಚ್ಚು ಪ್ರಯೋಗಗಳಲ್ಲಿ ಕಂಡಿದೆ. ಇದನ್ನು ಕೇಳಿದ ಮೇಲೆ ಅಕ್ಕ ಸೂಜಿ ಬೇಡ ಅಂದಳು.

ಕರೆಂಟಿನ ರುಚಿ ನಮಗೆ ಮೊದಲು ಹತ್ತಿದ್ದು ಒಂದು ಕ್ಲಿನಿಕ್ಕಿನಲ್ಲಿ. ಹೆಸರು ಬೇಡ. ಸಿಟ್ಟಿಂಗ್ ಲೆಕ್ಕದ ಪ್ಯಾಕೇಜು, ದುಡ್ಡು ಮುಂಗಡ. ಹುಡುಗ ಬಂದು ಬೆನ್ನಿಗೆ ಪ್ಯಾಡ್ ಇಟ್ಟು, ಬೆಲ್ಟ್ ಬಿಗಿದು, ಗುಂಡಿ ಒತ್ತಿ ಹೋಗಿಬಿಡುತ್ತಿದ್ದ. ಟೈಮರ್ ಕೂಗಿದಾಗ ಬಿಚ್ಚಲು ಮಾತ್ರ ಬರುತ್ತಿದ್ದ. ಇದು ಏನು ಮಾಡುತ್ತದೆ ಅಂತ ಕೇಳಿದರೆ, "ನೋವು ಎಳಕೋತದರಿ" ಅಂದ. ನೋವು ಕಡಿಮೆಯಾಗುತ್ತಿದ್ದದ್ದು ನಿಜ. ಮನೆ ಮುಟ್ಟುವಷ್ಟರಲ್ಲಿ ಮತ್ತೆ ಬರುತ್ತಿದ್ದದ್ದೂ ನಿಜ. ಒಂದು ವ್ಯಾಯಾಮ ಹೇಳಲಿಲ್ಲ, ಕೂರುವ ರೀತಿ ಕೇಳಲಿಲ್ಲ, ನಾನು ಏನು ಕೆಲಸ ಮಾಡುತ್ತೇನೆ ಅಂತಲೂ ಕೇಳಲಿಲ್ಲ. ಇದು ಒಂದೇ ಕಡೆಯ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಇದೇ ಅನುಭವ ಹೇಳುವವರು ನನಗೆ ಎಲ್ಲ ಕಡೆ ಸಿಗುತ್ತಾರೆ.

ಆಮೇಲೆ ಹುಬ್ಬಳ್ಳಿಯಲ್ಲಿ ಒಬ್ಬ ಫಿಸಿಯೋ ಮೇಡಂ ಸಿಕ್ಕರು. ಅಕ್ಕನ ಕೈ ಹಿಡಿದು, ಮಣಿಕಟ್ಟು ಮೇಲಕ್ಕೆತ್ತಿಸಿ, ತಾವು ಕೆಳಕ್ಕೆ ಒತ್ತಿ ನೋಡಿ, ದಿನಕ್ಕೆ ಎಷ್ಟು ಹಿಟ್ಟು ನಾದುತ್ತೀರಿ ಅಂತ ಕೇಳಿದರು. ಮಷೀನು ಹಚ್ಚುವ ಮೊದಲೇ ಒಂದು ಮಾತು ಹೇಳಿದರು. "ಅಕ್ಕಾರ, ಕರೆಂಟ್ ಕೊಟ್ಟ ಮ್ಯಾಲೆ ಆರಾಮ ಆತು ಅಂತ ಮಲಗಬ್ಯಾಡ್ರಿ. ಕೆಲಸ ಶುರು ಆಗೋದs ಆವಾಗ." ನಾನು ಇಲ್ಲಿ ಹೇಳಬೇಕಾದ್ದೆಲ್ಲ ಈ ಮಾತಿನಲ್ಲೇ ಇದೆ.

ಕರೆಂಟ್ ಅಂತ ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಬೇರೆ ಬೇರೆ ಇವೆ. ಮುಖ್ಯವಾಗಿ ಎರಡನ್ನು ಬಿಡಿಸಿ ನೋಡಬೇಕು. ಟೆನ್ಸ್ ಅನ್ನುವುದು ಮುಟ್ಟಿದ್ದನ್ನು ತಿಳಿಸುವ ನರಗಳಿಗೆ ಕೊಡುವ ಕರೆಂಟು. ಸೆಕೆಂಡಿಗೆ 80-100 ಸಲ ಸಣ್ಣ ಮಿಡಿತ. ಒಂದೊಂದು ಮಿಡಿತ ಸೆಕೆಂಡಿನ ಹತ್ತು ಸಾವಿರದ ಒಂದೆರಡು ಭಾಗದಷ್ಟು ಹೊತ್ತು ಮಾತ್ರ. ಚರ್ಮದ ಕೆಳಗೆ ಜುಮ್ ಅನ್ನುತ್ತದೆ, ಸ್ನಾಯು ಅಲ್ಲಾಡುವುದಿಲ್ಲ. ಇಎಂಎಸ್ ಅನ್ನುವುದು ಸ್ನಾಯುವನ್ನು ಸೆಳೆಸುವ ಕರೆಂಟು. ಸೆಕೆಂಡಿಗೆ 35-50 ಮಿಡಿತ, ಒಂದೊಂದು ಮಿಡಿತ ಇನ್ನೂ ಸ್ವಲ್ಪ ಉದ್ದ. ಕೆಲವು ಸೆಕೆಂಡು ಬಿಗಿ, ಆಮೇಲೆ ಅದಕ್ಕಿಂತ ಜಾಸ್ತಿ ಹೊತ್ತು ಬಿಡುವು. ಒಂದು ನೋವಿನ ಸದ್ದು ತಗ್ಗಿಸಲಿಕ್ಕೆ, ಇನ್ನೊಂದು ಸೋತ ಸ್ನಾಯುವನ್ನು ಎಬ್ಬಿಸಲಿಕ್ಕೆ. ಮನೆಗೆ ಬರುವ ಹಲವು ಸಣ್ಣ ಮಷೀನುಗಳಲ್ಲಿ ಎರಡೂ ಇರುತ್ತವೆ, ಒಂದು ಗುಂಡಿಯಲ್ಲಿ ಬದಲಾಗುತ್ತವೆ. ಯಾವುದು ಹಾಕಿಕೊಂಡಿದ್ದೀರಿ ಅಂತ ಕೇಳಿದರೆ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಕ್ಲಿನಿಕ್ಕಿನಲ್ಲಿ ನಾಲ್ಕು ಪ್ಯಾಡ್ ಇಟ್ಟು ಕೊಡುವ ಐಎಫ್‌ಟಿ ಮೂರನೆಯದು. ಸೆಕೆಂಡಿಗೆ ಸುಮಾರು 4,000 ಸಲ ಹರಿಯುವ ಎರಡು ಕರೆಂಟುಗಳು ದೇಹದೊಳಗೆ ಅಡ್ಡಹಾಯ್ದು, ಅವುಗಳ ನಡುವಿನ ವ್ಯತ್ಯಾಸದ ವೇಗದಲ್ಲಿ ನರ ಮಿಡಿಯುತ್ತದೆ. ಕೊನೆಗೆ ಅದರ ಕೆಲಸವೂ ಹೆಚ್ಚುಕಡಿಮೆ ಟೆನ್ಸಿನದೇ.

ಮೊಣಕೈ ಬಾಗಿಲಿಗೆ ತಾಗಿದರೆ ನಾವು ತಕ್ಷಣ ಏನು ಮಾಡುತ್ತೇವೆ? ಉಜ್ಜಿಕೊಳ್ಳುತ್ತೇವೆ, ಅಲ್ವಾ? ಉಜ್ಜಿದರೆ ನೋವು ಯಾಕೆ ತಗ್ಗುತ್ತದೆ ಅನ್ನುವುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಒಂದು ವಿವರಣೆ ಬರೆದರು. ನೋವಿನ ಸುದ್ದಿ ಮೆದುಳಿಗೆ ಹೋಗುವ ಮೊದಲು ಬೆನ್ನುಹುರಿಯಲ್ಲಿ ಒಂದು ಬಾಗಿಲು ದಾಟಬೇಕು. ಮುಟ್ಟಿದ ಸುದ್ದಿ ತರುವ ದಪ್ಪ ನರಗಳು ಚುರುಕಾದರೆ ಆ ಬಾಗಿಲು ಕಿರಿದಾಗುತ್ತದೆ. ನೋವು ಪೂರ್ತಿ ಮೇಲೆ ಹೋಗುವುದಿಲ್ಲ. ಎರಡು ವರ್ಷದ ನಂತರ, 1967ರಲ್ಲಿ, ವಾಲ್ ಮತ್ತು ವಿಲಿಯಂ ಸ್ವೀಟ್ ಕರೆಂಟಿನಿಂದ ಇದನ್ನು ಮಾಡಿ ನೋಡಿದರು. ಮೊದಲು ತಮ್ಮ ಮುಖದ ನರಕ್ಕೇ ಕರೆಂಟು ಕೊಟ್ಟುಕೊಂಡರು, ಆಮೇಲೆ ರೋಗಿಗಳಿಗೆ. ನಾವೀಗ ಮನೆಯಲ್ಲಿ ಹಚ್ಚಿಕೊಳ್ಳುವ ಟೆನ್ಸ್ ಮಷೀನುಗಳ ಬೇರು ಅಲ್ಲಿದೆ. ಆ ವಿವರಣೆಯಲ್ಲಿ ಆಮೇಲೆ ತಿದ್ದುಪಡಿಗಳಾಗಿವೆ. ಕರೆಂಟು ದೇಹ ತಾನೇ ತಯಾರಿಸುವ ನೋವುನಿವಾರಕಗಳನ್ನೂ ಹೊರಡಿಸುತ್ತದೆ ಅಂತ ಗೊತ್ತಾಗಿದೆ. ಉಪಾಯ ಮಾತ್ರ ತೀರಾ ಹಳೆಯದು. ಸುಮಾರು 2,000 ವರ್ಷದ ಹಿಂದೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೂ ಕಾಲಿನ ಗೌಟ್ ನೋವಿಗೂ ಕರೆಂಟು ಹೊಡೆಯುವ ಜೀವಂತ ಮೀನನ್ನು ಇಡಲು ಹೇಳಿದ್ದ.

ಮಷೀನು ಮನೆಗೆ ತಂದಾಗ ಅವ್ವ ಹೆದರಿದಳು. "ಮೈಗೆ ಕರೆಂಟ್ ಹಚ್ಚಗೋತಾರೇನೋ, ತಮ್ಮಾ?" ಅಂದಳು. ನಮ್ಮದು 9 ವೋಲ್ಟಿನ ಬ್ಯಾಟರಿಯ ಮಷೀನು. ಗೋಡೆಯ ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ ಅಂತ ತೋರಿಸಿದ ಮೇಲೆ ಸಮಾಧಾನವಾಯಿತು. ಚರ್ಮದ ಮೂಲಕ ಹೋಗುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟು, ಅದೂ ಮಿಡಿತ ಮಿಡಿತವಾಗಿ. ಚುಚ್ಚಿದಂತೆ ಆಗುವುದಕ್ಕೆ ಹೆಚ್ಚಾಗಿ ಪ್ಯಾಡ್ ಕಾರಣ. ಒಣಗಿದ ಪ್ಯಾಡಿನ ಅಂಚು ಎದ್ದಿದ್ದರೆ ಕರೆಂಟೆಲ್ಲ ಉಳಿದ ಸಣ್ಣ ಜಾಗದಲ್ಲೇ ನುಗ್ಗುತ್ತದೆ. ಎಣ್ಣೆ ಹಚ್ಚಿದ ಚರ್ಮಕ್ಕೆ ಪ್ಯಾಡ್ ಹಿಡಿಯುವುದೇ ಇಲ್ಲ. ಸೋಪು ಹಚ್ಚಿ ತೊಳೆದು, ಒರೆಸಿ, ಆಮೇಲೆ ಅಂಟಿಸಬೇಕು.

ಅಕ್ಕನ ಕೈಗೆ ಮೇಡಂ ಮೊದಲು ಟೆನ್ಸ್ ಹಾಕಿದರು. ಗಂಟಿನ ಸ್ವಲ್ಪ ಮೇಲೆ ಒಂದು ಪ್ಯಾಡು, ನಾಲ್ಕು ಬೆರಳು ಕೆಳಗೆ ಇನ್ನೊಂದು. ಜೋರಾಗಿ ಗೊತ್ತಾಗಬೇಕು, ನೋಯಬಾರದು, ಅಷ್ಟಕ್ಕೆ ಇಟ್ಟರು. ಕೆಲವು ನಿಮಿಷದಲ್ಲಿ ಅದು ಒಗ್ಗಿಹೋಗಿ ಕರೆಂಟೇ ಇಲ್ಲವೇನೋ ಅನ್ನಿಸುತ್ತದೆ, ಆಗ ಸ್ವಲ್ಪ ಏರಿಸಬೇಕು. ದಿನವೂ ಅದೇ ವೇಗ, ಅದೇ ಜೋರು ಇಟ್ಟರೆ ದೇಹ ಅಭ್ಯಾಸ ಮಾಡಿಕೊಂಡು ಪರಿಣಾಮ ತಗ್ಗುತ್ತದೆ. ಅದಕ್ಕೇ ಬದಲಾಯಿಸುತ್ತಿರಲು ಹೇಳಿದರು.

ನೋವು ಹತೋಟಿಗೆ ಬಂದ ಮೇಲೆ ಇಎಂಎಸ್. ಅದನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅಕ್ಕನ ಮುಂಗೈಯನ್ನು ಟೇಬಲ್ಲಿನ ಮೇಲೆ ಅಂಗೈ ಕೆಳಗಾಗಿ ಇಟ್ಟಿದ್ದರು. ಮೊದಲು ಸೆಕೆಂಡಿಗೆ ಎರಡು-ಮೂರು ಮಿಡಿತ. ನಡುಬೆರಳು ತಾನೇ ಟಕ್ ಟಕ್ ಅಂತ ಎಗರಿತು. ಮಿಡಿತ ಜಾಸ್ತಿ ಮಾಡಿದಂತೆ ಬಿಡಿಬಿಡಿಯಾಗಿದ್ದ ಎಗರಾಟ ಕೂಡಿಕೊಂಡು, ಮಣಿಕಟ್ಟು ಮೆಲ್ಲಗೆ ಮೇಲೆದ್ದು ಹಾಗೇ ನಿಂತಿತು. ಬೆರಳುಗಳೂ ನೆಟ್ಟಗಾದವು. ಅಕ್ಕ ತಾನು ಎತ್ತಿಲ್ಲ, ಬರೀ ನೋಡುತ್ತಿದ್ದಾಳೆ. ಮುಂಗೈಯ ಚರ್ಮದ ಕೆಳಗೆ ಸ್ನಾಯುವಿನ ಏಣು ಎದ್ದು ಕಾಣುತ್ತಿತ್ತು. "ನೋಡ್ರಿ, ನಿಮ್ಮ ಕೈಯೊಳಗ ಶಕ್ತಿ ಇನ್ನೂ ಐತಿ. ನೋವಿಗೆ ಹೆದರಿ ನೀವು ಅದನ್ನ ಬಳಸೋದು ಬಿಟ್ಟೀರಿ," ಅಂದರು ಮೇಡಂ. ಆವತ್ತು ಅಕ್ಕನ ಮುಖದಲ್ಲಿ ಧೈರ್ಯ ಬಂದದ್ದು ನನಗೆ ಕಂಡಿತು. ಮಷೀನಿನ ದೊಡ್ಡ ಉಪಕಾರ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಇಎಂಎಸ್‌ಗೆ ಒಂದು ಮಿತಿ ಇದೆ. ನಾವೇ ಕೈ ಎತ್ತಿದಾಗ ಮೆದುಳು ಮೊದಲು ಸಣ್ಣ, ಬೇಗ ದಣಿಯದ ಎಳೆಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಭಾರ ಹೆಚ್ಚಿದಂತೆ ದೊಡ್ಡವನ್ನು ಕರೆಯುತ್ತದೆ, ಸರದಿ ಬದಲಾಯಿಸುತ್ತದೆ. ಕರೆಂಟಿಗೆ ಈ ವಿವೇಕ ಇಲ್ಲ. ಪ್ಯಾಡಿಗೆ ಹತ್ತಿರ ಇರುವ ಎಳೆಗಳನ್ನೇ ಮತ್ತೆ ಮತ್ತೆ ಎಬ್ಬಿಸುತ್ತದೆ. ರಾಶಿ ಮಾಡುವಾಗ ಹತ್ತು ಆಳುಗಳಿದ್ದರೂ ಇಬ್ಬರಿಂದಲೇ ದಿನವಿಡೀ ಚೀಲ ಎತ್ತಿಸಿದಂತೆ. ಆ ಎಳೆಗಳು ಬೇಗ ಸೋಲುತ್ತವೆ. ಅದಕ್ಕೇ ಹತ್ತು ಸೆಕೆಂಡು ಬಿಗಿ ಇದ್ದರೆ ಅದರ ಮೂರು-ನಾಲ್ಕು ಪಟ್ಟು ಬಿಡುವು ಬೇಕು. ಜಾಸ್ತಿ ಹೊತ್ತು ಹಾಕಿಕೊಂಡರೆ ಜಾಸ್ತಿ ಲಾಭ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೊಡ್ಡ ಊರುಗಳ ಜಿಮ್ಮುಗಳಲ್ಲಿ ಮೈತುಂಬಾ ಜಾಕೆಟ್ ಹಾಕಿ ಕೊಡುವ ಇಎಂಎಸ್ ಅತಿಯಾಗಿ, ಸ್ನಾಯು ಕರಗಿ ಕಿಡ್ನಿಗೆ ಹೊರೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇನ್ನು, ಸಂಶೋಧನೆ ಏನು ಹೇಳುತ್ತದೆ? ಮಾರುವವರು ಇದನ್ನು ಮುಚ್ಚಿಡುತ್ತಾರೆ, ಹಾಗಾಗಿ ಬಿಚ್ಚಿಯೇ ಬರೆಯುತ್ತೇನೆ. ಯಾವ ಚಿಕಿತ್ಸೆ ಕೊಡಬೇಕು ಅಂತ ವೈದ್ಯರಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಸೊಂಟನೋವಿನ ಮಾರ್ಗಸೂಚಿಯಲ್ಲಿ ಟೆನ್ಸ್ ಕೊಡಬೇಡಿ, ಐಎಫ್‌ಟಿ ಕೊಡಬೇಡಿ ಅಂತ ನೇರವಾಗಿ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯೂ ಟೆನ್ಸನ್ನು ಬೇಡದವುಗಳ ಪಟ್ಟಿಗೆ ಸೇರಿಸಿದೆ. ಸೊಂಟದ ಬೆಲ್ಟೂ ಅದೇ ಪಟ್ಟಿಯಲ್ಲಿದೆ. ಮೊಣಕೈಗೆ ಬಂದರೆ, 2013ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಟೆನಿಸ್ ಎಲ್ಬೋ ಇದ್ದ 241 ಜನರನ್ನು ಎರಡು ಗುಂಪು ಮಾಡಿದ್ದರು. ಎರಡೂ ಗುಂಪಿಗೆ ಸಲಹೆ, ವ್ಯಾಯಾಮ. ಒಂದು ಗುಂಪಿಗೆ ಜೊತೆಗೆ ಟೆನ್ಸ್ ಮಷೀನು. ಎರಡೂ ಗುಂಪು ಸುಧಾರಿಸಿದವು, ಮಷೀನಿನಿಂದ ಹೆಚ್ಚುವರಿ ಲಾಭ ಕಾಣಲಿಲ್ಲ.

ಇನ್ನೊಂದು ಮಗ್ಗಲೂ ಇದೆ. 2022ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ 381 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು, ಟೆನ್ಸ್ ಹಚ್ಚಿಕೊಂಡಿರುವಾಗ ಮತ್ತು ತೆಗೆದ ಕೂಡಲೇ ನೋವು ಕಡಿಮೆಯಾಗುತ್ತದೆ, ದೊಡ್ಡ ತೊಂದರೆಗಳಿಲ್ಲ ಅಂತ ಬರೆದರು. ಇಂಥ ಪ್ರಯೋಗ ಮಾಡುವುದೂ ಕಷ್ಟ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಕರೆಂಟು ಬರುತ್ತಿದೆಯೋ ಇಲ್ಲವೋ ಅನ್ನುವುದು ಮೈಗೆ ತಾನೇ ಗೊತ್ತಾಗುತ್ತದೆ.

ಇವನ್ನೆಲ್ಲ ಒಟ್ಟಿಗಿಟ್ಟು ಓದಿದರೆ ನನಗೆ ವಿರೋಧ ಕಾಣುವುದಿಲ್ಲ. ಒಂದು ಕಡೆಯವರು ತಿಂಗಳುಗಳ ನಂತರ ಏನಾಯಿತು ಅಂತ ಕೇಳುತ್ತಿದ್ದಾರೆ, ಇನ್ನೊಂದು ಕಡೆಯವರು ಈಗಿಂದೀಗ ಏನಾಯಿತು ಅಂತ. ಕರೆಂಟು ಕೊಡುವುದು ಸ್ವಲ್ಪ ಹೊತ್ತಿನ ಬಿಡುವನ್ನು. ಬಿಡುವು ಸಿಕ್ಕಾಗ ಮಲಗಿದರೆ ಅದು ಅಲ್ಲಿಗೆ ಮುಗಿಯಿತು. ನಮ್ಮ ಕ್ಲಿನಿಕ್ಕುಗಳಲ್ಲಿ ಆಗುತ್ತಿರುವುದು ಅದೇ. ಬಿಡುವನ್ನು ಮಾರುತ್ತಾರೆ, ಅದರಲ್ಲಿ ಏನು ಮಾಡಬೇಕು ಅನ್ನುವುದನ್ನು ಹೇಳಿಕೊಡುವುದಿಲ್ಲ. ಹೇಳಿಕೊಡಲು ಹೊತ್ತು ಬೇಕು, ಮಷೀನಿಗೆ ಬೇಡ.

ಕರೆಂಟ್ ಕೊಡಿಸಿಕೊಂಡ ಮೇಲೆ ಸಿಗುವ ಆ ಅರ್ಧ ತಾಸಿನಲ್ಲಿ ಅಕ್ಕ ಮಾಡುವುದು ಇಷ್ಟು. ಮುಂಗೈಯನ್ನು ಟೇಬಲ್ಲಿನ ಮೇಲಿಟ್ಟು ಮಣಿಕಟ್ಟು ಅಂಚಿನಿಂದ ಆಚೆ ಬರುವಂತೆ ಕೂರುತ್ತಾಳೆ. ಅಂಗೈ ಕೆಳಗೆ, ಕೈಯಲ್ಲಿ ನೀರಿನ ಬಾಟಲಿ. ಎಡಗೈಯಿಂದ ಬಲಗೈಯನ್ನು ಮೇಲಕ್ಕೆತ್ತುತ್ತಾಳೆ. ಆಮೇಲೆ ಎಡಗೈ ಬಿಟ್ಟು, ಬಾಟಲಿಯನ್ನು ಮೆಲ್ಲ ಮೆಲ್ಲಗೆ ಕೆಳಗಿಳಿಸುತ್ತಾಳೆ. ಇಳಿಸುವುದರಲ್ಲೇ ಇರುವುದು ಕೆಲಸ. ಸ್ನಾಯು ಉದ್ದವಾಗುತ್ತಾ ಭಾರ ತಡೆಯುವಾಗ ಟೆಂಡನ್ನಿಗೆ ಗಟ್ಟಿಯಾಗಲು ಕರೆ ಹೋಗುತ್ತದೆ. ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ನೋವು ಏರಿದ್ದರೆ ನೀರು ಕಡಿಮೆ ಮಾಡಬೇಕು ಅಂತ ಮೇಡಂ ಹೇಳಿದ್ದಾರೆ. ಬಾಟಲಿಯ ಅನುಕೂಲ ಇದೇ, ನೀರು ಚೆಲ್ಲಿದರೆ ಭಾರ ಇಳಿಯಿತು. ಮೊದಲು ಅರ್ಧ ಬಾಟಲಿ ಇತ್ತು. ಈಗ ತುಂಬಿದ ಒಂದು ಲೀಟರಿಗೆ ಬಂದಿದ್ದಾಳೆ.

ನನ್ನದು ನಡಿಗೆಯಿಂದ ಶುರು. ಟೆನ್ಸ್ ಮಷೀನನ್ನು ಪ್ಯಾಂಟಿಗೆ ಸಿಕ್ಕಿಸಿಕೊಂಡೇ ಭೀಷ್ಮ ಕೆರೆಯ ಕಡೆ ಹೋಗಿಬರುತ್ತೇನೆ. ಕೂತಿರುವಾಗಿನದಕ್ಕಿಂತ ಓಡಾಡುವಾಗ ಅದರ ಉಪಯೋಗ ಜಾಸ್ತಿ. ನೋವಿನ ಹೆದರಿಕೆಯಲ್ಲಿ ಬೆನ್ನು ಹಲಗೆಯಂತೆ ಬಿಗಿಹಿಡಿದು ನಡೆಯುತ್ತಿದ್ದವನಿಗೆ ಮತ್ತೆ ಕೈಬೀಸಿ ನಡೆಯಲು ಬಂದದ್ದು ಹಾಗೆ. ಮನೆಗೆ ಬಂದು, ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಆಮೇಲೆ ಅಂಗೈ, ಮಂಡಿ ಊರಿ ಬಲಗೈ ಎಡಗಾಲು ಚಾಚುವುದು, ಬದಲಾಯಿಸುವುದು. ಕೆಲವೊಮ್ಮೆ ಸೊಂಟದ ಎರಡೂ ಮಗ್ಗಲಿಗೆ ಇಎಂಎಸ್ ಹಾಕಿ, ಅದು ಬಿಗಿಯುವ ಹೊತ್ತಿಗೆ ಸರಿಯಾಗಿ ನಾನೂ ಸೊಂಟ ಎತ್ತುತ್ತೇನೆ. ಬರೀ ಕರೆಂಟಿಗೆ ಬಿಟ್ಟು ಮಲಗುವುದಕ್ಕಿಂತ ಇದು ಒಳ್ಳೆಯದು ಅಂತ ಮೇಡಂ ಹೇಳಿಕೊಟ್ಟದ್ದು.

ನೋವು ಹೋದ ಮೇಲೂ ಇದನ್ನು ಯಾಕೆ ಬಿಡಬಾರದು ಅನ್ನುವುದಕ್ಕೆ ಒಂದು ಕಾರಣ ಇದೆ. ಬೆನ್ನೆಲುಬಿಗೆ ಅಂಟಿಕೊಂಡಂತೆ ಒಳಗೆ ಮಲ್ಟಿಫಿಡಸ್ ಅನ್ನುವ ಸಣ್ಣ ಸ್ನಾಯುಗಳಿವೆ. ಆಸ್ಟ್ರೇಲಿಯಾದ ಸಂಶೋಧಕಿ ಜೂಲಿ ಹೈಡ್ಸ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿಕೊಟ್ಟದ್ದು ಇದು. ಮೊದಲ ಸಲ ಸೊಂಟನೋವು ಬಂದವರಲ್ಲಿ ನೋವು ಕೆಲವೇ ವಾರಗಳಲ್ಲಿ ಹೋದರೂ ನೋವಿದ್ದ ಮಗ್ಗಲಿನ ಈ ಸ್ನಾಯು ಸಣ್ಣಗಾದದ್ದು ತಾನಾಗಿ ತುಂಬಿಕೊಳ್ಳಲಿಲ್ಲ. ವ್ಯಾಯಾಮ ಮಾಡಿದವರಲ್ಲಿ ತುಂಬಿಕೊಂಡಿತು. ಚರ್ಮದ ಮೇಲಿನ ಪ್ಯಾಡಿನಿಂದ ಅಷ್ಟು ಆಳಕ್ಕೆ ಕರೆಂಟು ಚೆನ್ನಾಗಿ ಮುಟ್ಟುವುದಿಲ್ಲ. ಮೇಲಿನ ದೊಡ್ಡ ಸ್ನಾಯುಗಳೇ ಹೆಚ್ಚು ಸೆಳೆಯುತ್ತವೆ. ಹಾಗಾಗಿ ನೆಲದ ಮೇಲೆ ಚಾಪೆ ಹಾಸಿ ಮಾಡುವ ಕೆಲಸಕ್ಕೆ ಬದಲಿ ಇಲ್ಲ.

ಡಾಕ್ಟರುಗಳ ಬಾಯಲ್ಲಿ ಸುಲಭವಾಗಿ ಬರುವ ಇನ್ನೊಂದು ಮಾತು "ರೆಸ್ಟ್ ಮಾಡಿ". ಅಕ್ಕನಂಥವರು ಈ ಮಾತನ್ನು ಕೇಳಿ ಸುಮ್ಮನೆ ತಲೆಯಾಡಿಸಿ ಬರುತ್ತಾರೆ. ರೊಟ್ಟಿ ಬಡಿಯದ ದಿನ ದುಡ್ಡು ಇಲ್ಲ. ಖಾನಾವಳಿಯವರು ಎರಡು ದಿನ ಕಾಯುತ್ತಾರೆ, ಮೂರನೇ ದಿನ ಬೇರೆಯವರನ್ನು ಹುಡುಕುತ್ತಾರೆ. ನಮ್ಮ ಮೇಡಂ ರೆಸ್ಟ್ ಅನ್ನಲಿಲ್ಲ. ಕೆಲಸದಲ್ಲಿ ಯಾವುದು ಹೆಚ್ಚು ನೋಯುತ್ತದೆ ಅಂತ ಕೇಳಿ ಅದನ್ನು ಮಾತ್ರ ತೆಗೆದರು. ಬಡಿಯುವುದಕ್ಕಿಂತ ನಾದುವುದು ಮತ್ತು ಬಟ್ಟೆ ಹಿಂಡುವುದು ಜಾಸ್ತಿ ನೋಯುತ್ತಿತ್ತು. ಬಟ್ಟೆಯನ್ನು ಹಿಂಡುವ ಬದಲು ಈಗ ಪಾತ್ರೆಯ ಅಂಚಿಗೆ ಒತ್ತಿ ನೀರು ಇಳಿಸುತ್ತಾಳೆ. ಸಾಮಾನು ಎತ್ತುವಾಗ ಅಂಗೈ ಮೇಲ್ಮುಖ ಮಾಡಿ ಎತ್ತುತ್ತಾಳೆ, ಆಗ ಭಾರ ಬೇರೆ ಸ್ನಾಯುವಿಗೆ ಹೋಗುತ್ತದೆ. ನಾದುವ ಕೆಲಸದಲ್ಲಿ ಸೊಸೆ ಕೈಗೂಡಿಸಿದ್ದಾಳೆ. ನಾನು ಪ್ರೆಸ್ಸಿನಲ್ಲಿ ಮಾನಿಟರ್ ಕೆಳಗೆ ಪೇಪರ್ ರೀಮು ಇಟ್ಟು ಎತ್ತರಿಸಿಕೊಂಡೆ, ಪ್ರೂಫನ್ನು ನಿಂತು ಓದುತ್ತೇನೆ. ಖರ್ಚಿಲ್ಲದ ಈ ಬದಲಾವಣೆಗಳನ್ನು ಹೇಳಿಕೊಡುವವರು ಸಿಕ್ಕರೆ ಅದೇ ದೊಡ್ಡ ಚಿಕಿತ್ಸೆ ಅಂತ ನಾನು ನಂಬಿದ್ದೇನೆ.

ಮಷೀನು ತರಬೇಕು ಅನ್ನುವವರಿಗೆ ಕೆಲವು ಮಾತು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಇದರ ಹತ್ತಿರ ಹೋಗಬಾರದು. ಬಸುರಿಯರು ಬೆನ್ನಿಗೆ, ಹೊಟ್ಟೆಗೆ ಹಾಕಿಕೊಳ್ಳಬಾರದು. ಕುತ್ತಿಗೆಯ ಮುಂಭಾಗಕ್ಕೆ, ಎದೆಗೆ ಅಡ್ಡಲಾಗಿ, ಗಾಯದ ಮೇಲೆ, ಗಡ್ಡೆ ಇರುವ ಕಡೆ, ರಕ್ತ ಹೆಪ್ಪುಗಟ್ಟಿದ ಕಾಲಿಗೆ ಬೇಡ. ಮೂರ್ಛೆ ರೋಗ ಇದ್ದವರು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಬಾರದು. ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಬೇಡ. ಸೊಂಟನೋವಿನ ಜೊತೆ ಕಾಲಿನ ಶಕ್ತಿ ಇಳಿಯುತ್ತಿದ್ದರೆ, ತೊಡೆಯ ಸಂದಿ ಜೋಮು ಹಿಡಿದಿದ್ದರೆ, ಉಚ್ಚೆ-ಸಂಡಾಸಿನ ಹತೋಟಿ ತಪ್ಪಿದರೆ ಒಂದು ದಿನವೂ ಕಾಯದೆ ದೊಡ್ಡ ಆಸ್ಪತ್ರೆಗೆ ಓಡಬೇಕು. ನೋವಿಗೆ ಜ್ವರ ಕೂಡಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಬಿದ್ದ ಮೇಲೆ ಶುರುವಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕು. ಅಂಥ ನೋವನ್ನು ಕರೆಂಟಿನಿಂದ ಮುಚ್ಚುವುದು ಅಪಾಯ.

ನಮ್ಮ ಓಣಿಯಲ್ಲಿ ಮಗ್ಗ ನೇಯುವ ಕಾಕಾ ಒಬ್ಬರು ಅಂಗಾಲಿಗೆ ಹಚ್ಚಿಕೊಳ್ಳಲು ಮಷೀನು ಕೇಳಿದರು. ಅವರಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ ಅಂತಾರೆ. ಸ್ಪರ್ಶ ಗೊತ್ತಾಗದ ಕಡೆ ಪ್ಯಾಡ್ ಇಟ್ಟರೆ ಎಷ್ಟು ಏರಿಸಿದರೂ ಸಾಲದು ಅನ್ನಿಸಿ ಚರ್ಮ ಸುಟ್ಟೀತು. "ಕಾಕಾ, ಸಿಟ್ಟಾಗಬ್ಯಾಡ್ರಿ, ಇದನ್ನ ಕೊಡಂಗಿಲ್ಲ," ಅಂದೆ. ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಾಲು ತೋರಿಸಿಕೊಂಡು ಬಂದೆವು.

ಅಕ್ಕನಿಗೆ ಈಗ ಎಳ್ಳ ಅಮಾವಾಸ್ಯೆಯ ಆರ್ಡರು ಬರತೊಡಗಿವೆ. ಹೊಲಕ್ಕೆ ಚರಗ ಚೆಲ್ಲಲು ಹೋಗುವವರಿಗೆಲ್ಲ ಕಡಕ್ ರೊಟ್ಟಿ ಬೇಕು. ಸಿಟ್ಟಿಂಗುಗಳಿಗೆ ಕೊಡುತ್ತಿದ್ದ ದುಡ್ಡು ಉಳಿದಿದೆ, ಅದಕ್ಕೆ ಇನ್ನಷ್ಟು ಸೇರಿಸಿ ಹಿಟ್ಟು ನಾದುವ ಮಷೀನು ತರೋಣ ಅಂತ ನಾನು ಹೇಳುತ್ತಿದ್ದೇನೆ. ಕುದಿಯುವ ನೀರು ಹಾಕಿದ ಜೋಳದ ಹಿಟ್ಟಿಗೆ ಮಷೀನಿನ ನಾದು ಸಾಲುತ್ತದೋ ಇಲ್ಲವೋ, ಅಂಚು ಸೀಳಿದರೆ ಗಿರಾಕಿ ಏನಂತಾರೋ ಅನ್ನುವುದು ಅಕ್ಕನ ಚಿಂತೆ. ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರು ಅದರಲ್ಲೇ ನಾದುತ್ತಾರಂತೆ. ಮುಂದಿನ ವಾರ ಇಬ್ಬರೂ ಹೋಗಿ, ಅಲ್ಲಿಯ ಹಿಟ್ಟಿನಲ್ಲಿ ಅಕ್ಕನ ಕೈಯಿಂದಲೇ ನಾಲ್ಕು ರೊಟ್ಟಿ ಬಡಿದು ನೋಡಿ ಬರುತ್ತೇವೆ.